ಅಂಗಡಿ ಮಾರಬೇಕು, ಗಿರಾಕಿ ಎಲ್ಲಿ?

ಹೋದ ತಿಂಗಳು ಈ ಅಂಕಣದಲ್ಲಿ ಯಾರಿಗೋ ಉತ್ತರ ಬರೆಯುತ್ತಾ "ನಾನೂ ಹತ್ತೊಂಬತ್ತು ವರ್ಷ ಬೇಕರಿ ನಡೆಸಿ ಮಾರಿದವನೇ" ಎಂದು ಒಂದು ಸಾಲು ಹಾಕಿದ್ದೆ. ಅಷ್ಟೇ ಸಾಕಾಯಿತು ನೋಡಿ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ವಿಷಯ. ಖಾನಾವಳಿ, ಮೆಡಿಕಲ್ ಶಾಪ್, ಪ್ರಿಂಟಿಂಗ್ ಪ್ರೆಸ್, ಪಾರ್ಲರ್ ಎಲ್ಲ ಮಾರಾಟಕ್ಕಿವೆ. ಹಾಗಾಗಿ ಲೋನು, ಬಡ್ಡಿ, ಸಬ್ಸಿಡಿ ಪ್ರಶ್ನೆಗಳಿಗೆ ಈ ತಿಂಗಳು ರಜೆ. ಬರೆದವರ ಹೆಸರು ಹಾಕಿಲ್ಲ. ಯಾಕೆ ಅಂತ ಮೂರನೇ ಪ್ರಶ್ನೆಗೆ ಬರುವ ಹೊತ್ತಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಸರ್, ನಮಸ್ಕಾರ್ರೀ. ಹುಬ್ಬಳ್ಳಿಯೊಳಗ ನಮ್ಮದೊಂದು ಖಾನಾವಳಿ ಅದ. 16 ವರ್ಷ ಆತು. ದಿನಕ್ಕ 14ರಿಂದ 15 ಸಾವಿರ ವ್ಯಾಪಾರ, ಎಲ್ಲಾ ಖರ್ಚು ಕಳದು ತಿಂಗಳಿಗೆ 80 ಸಾವಿರ ಕೈಗೆ ಉಳಿತದ. ನಾನು, ನಮ್ಮ ಮನಿಯವರು ಇಬ್ಬರೂ ಅಲ್ಲೇ ಇರತೀವಿ. ಮಗ ಪುಣೆದಾಗ ಕೆಲಸದಾಗ ಇದ್ದಾನ, ಅವಂಗ ಇದು ಬ್ಯಾಡ. ನನಗ 62 ಆತು, ಮೊಣಕಾಲು ಕೇಳವಲ್ದು. 35 ಲಕ್ಷಕ್ಕ ಕೊಡೂಣಂತ ಅದೀನಿ. ಆರು ತಿಂಗಳಿಂದ ನಾಕು ಮಂದಿ ಬಂದು ನೋಡಿ ಹೋದರು, ಒಬ್ಬರೂ ತಿರಿಗಿ ಬರಲಿಲ್ಲ. ಲೆಕ್ಕ ಎಲ್ಲಾ ವಹಿಯೊಳಗ ಬರದಿಟ್ಟೀನಿ. ಜಿಎಸ್‌ಟಿ ಮಾಡಿಸಿಲ್ಲ. ನೋಟಿಸಿನ ಗದ್ದಲದಾಗ ಕ್ಯೂಆರ್ ಕೋಡೂ ತಗದಿಟ್ಟೀನಿ. ಏನು ತಪ್ಪಾಗೇದ?

ಉತ್ತರ: ಯಜಮಾನರೇ, ತಪ್ಪು ಒಂದಲ್ಲ, ಮೂರ್ನಾಲ್ಕು ಇವೆ. ಆದರೆ ಎಲ್ಲವೂ ಸರಿಮಾಡುವಂಥವೇ. ಮೊದಲು ಬೆಲೆ ನೋಡೋಣ.

80 ಸಾವಿರ ಉಳಿಯುತ್ತದೆ ಎಂದಿರಿ. ಆ 80 ಸಾವಿರದೊಳಗೆ ನಿಮ್ಮ ಮತ್ತು ನಿಮ್ಮ ಮನೆಯವರ ಸಂಬಳ ಸೇರಿಕೊಂಡಿದೆ, ಅದನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಕೊಳ್ಳುವವನು ಹಿಡಿಯುತ್ತಾನೆ. ಗಲ್ಲಾದಲ್ಲಿ ಕೂರಲು ಒಬ್ಬನಿಗೆ 16 ಸಾವಿರ, ಅಡುಗೆಮನೆ ನೋಡಿಕೊಳ್ಳಲು ಒಬ್ಬರಿಗೆ 22 ಸಾವಿರ ಕೊಟ್ಟರೂ 38 ಸಾವಿರ ಹೋಯಿತು. ಉಳಿದದ್ದು 42 ಸಾವಿರ, ವರ್ಷಕ್ಕೆ 5 ಲಕ್ಷ ಚಿಲ್ಲರೆ. ನೀವು ಕೇಳುತ್ತಿರುವುದು 35 ಲಕ್ಷ. ಅಂದರೆ ಹಾಕಿದ ದುಡ್ಡು ವಾಪಸ್ ಬರಲು ಅವನಿಗೆ ಏಳು ವರ್ಷ ಬೇಕು. ನಾನು ನೋಡಿದ ಮಟ್ಟಿಗೆ, ಬಾಡಿಗೆ ಕಟ್ಟಡದ ಹೋಟೆಲ್ ಕೊಳ್ಳುವವರು ಎರಡು, ಹೆಚ್ಚೆಂದರೆ ಮೂರು ವರ್ಷದಲ್ಲಿ ದುಡ್ಡು ತಿರುಗಿ ಬರಬೇಕು ಅಂತ ಲೆಕ್ಕ ಹಾಕುತ್ತಾರೆ. ಗಂಡ ಹೆಂಡತಿ ಇಬ್ಬರೂ ನಿಂತು ದುಡಿಯುವ ಜೋಡಿ ಸಿಕ್ಕರೆ ಸ್ವಲ್ಪ ಮೇಲೆ ಹೋಗಬಹುದು, ಯಾಕೆಂದರೆ ಅವರಿಗೂ ನಿಮ್ಮ ಹಾಗೆ 80 ಸಾವಿರವೇ ಕಾಣುತ್ತದೆ. ಪಾತ್ರೆ, ಒಲೆ, ಫ್ರಿಜ್ ಸೇರಿ 15 ಲಕ್ಷದ ಆಸುಪಾಸಿನಲ್ಲಿ ಮಾತು ಶುರುಮಾಡಿ. ಕಟ್ಟಡದ ಮಾಲೀಕರ ಹತ್ತಿರ ಇರುವ ಅಡ್ವಾನ್ಸ್ ಬೇರೆ, ಅದು ಇದರಲ್ಲಿ ಸೇರಬಾರದು.

16 ವರ್ಷದ ಹೆಸರಿಗೆ ಬೆಲೆ ಇಲ್ವಾ ಅಂತ ಕೇಳುತ್ತೀರಿ, ಗೊತ್ತು. ಇದೆ. ಆ ಹೆಸರು ಇರುವುದಕ್ಕೇ ದಿನಕ್ಕೆ 15 ಸಾವಿರ ಬರುತ್ತಿರುವುದು. ಅದನ್ನೇ ಎರಡು ಸಲ ಮಾರಲು ಆಗುವುದಿಲ್ಲ.

ಈಗ ಆ ನಾಲ್ಕು ಮಂದಿ ಯಾಕೆ ತಿರುಗಿ ಬರಲಿಲ್ಲ ಅನ್ನುವುದಕ್ಕೆ ಬರೋಣ. ನಿಮ್ಮ ವಹಿಯನ್ನು ನೀವು ನಂಬುತ್ತೀರಿ. ಹೊರಗಿನವನು ಯಾಕೆ ನಂಬಬೇಕು ಹೇಳಿ? ಪೆನ್ನು ನಿಮ್ಮದೇ, ವಹಿಯೂ ನಿಮ್ಮದೇ. ನನ್ನ ಬೇಕರಿ ನೋಡಲು ಬಂದ ಮೊದಲನೆಯವನು ಲೆಕ್ಕದ ಪುಸ್ತಕ ಕೈಯಲ್ಲೂ ಮುಟ್ಟಲಿಲ್ಲ. ಒಂದು ಟೀ ಕುಡಿದ, ಒಂದು ಖಾರ ಬನ್ ತಿಂದ, ಹಿಂದುಗಡೆ ಹೋಗಿ ಕಸದ ಡಬ್ಬಿ ಪಕ್ಕ ನಿಂತು ಖಾಲಿ ಹಾಲಿನ ಕವರ್ ಎಣಿಸಿದ. ನಾನು ದಿನಕ್ಕೆ 40 ಲೀಟರ್ ಅಂದಿದ್ದೆ. ಅವನ ಎಣಿಕೆಯಲ್ಲಿ 31 ಬಂತು. ಆವತ್ತು ಭಾನುವಾರ, ಪಕ್ಕದ ಆಫೀಸುಗಳಿಗೆ ರಜೆ, ಅದಕ್ಕೇ ಕಡಿಮೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ, ಹೊರಟೇಹೋದ. ಆವಾಗ ನನಗೆ ಸಿಟ್ಟು ಬಂದಿತ್ತು. ಈಗ ನಾನೇ ಯಾರಿಗಾದರೂ ಅಂಗಡಿ ನೋಡಿಕೊಡಲು ಹೋದರೆ ಮೊದಲು ಎಣಿಸುವುದು ಹಾಲಿನ ಕವರ್, ಆಮೇಲೆ ಗ್ಯಾಸ್ ಬಿಲ್ಲು.

ಹಾಗಾಗಿ ಕ್ಯೂಆರ್ ಕೋಡ್ ಇವತ್ತೇ ವಾಪಸ್ ಅಂಟಿಸಿ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ತುಂಬಾ ಜನ "ಬರೀ ಕ್ಯಾಶ್" ಅಂತ ಬೋರ್ಡ್ ಹಾಕಿದ್ದರು, ನೀವೊಬ್ಬರೇ ಅಲ್ಲ. ಆದರೆ ಅಂಗಡಿ ಮಾರುವವನಿಗೆ ಬ್ಯಾಂಕ್ ಸ್ಟೇಟ್‌ಮೆಂಟಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ದಿನಾ ಇಷ್ಟು ಜನ ಊಟ ಮಾಡಿ ಇಷ್ಟು ಕೊಟ್ಟರು ಅಂತ ಬ್ಯಾಂಕೇ ಹೇಳುತ್ತದೆ, ಕೈಬರಹದ ಪ್ರಶ್ನೆಯೇ ಬರುವುದಿಲ್ಲ.

ಜಿಎಸ್‌ಟಿ ವಿಷಯದಲ್ಲಿ ಮುಚ್ಚುಮರೆ ಬೇಡ. ಸೇವೆಗೆ 20 ಲಕ್ಷ, ಸರಕಿಗೆ 40 ಲಕ್ಷ ವಾರ್ಷಿಕ ವಹಿವಾಟು ದಾಟಿದರೆ ನೋಂದಣಿ ಆಗಲೇಬೇಕು. ಖಾನಾವಳಿ ಊಟ ಸೇವೆಯ ಲೆಕ್ಕಕ್ಕೇ ಬರುತ್ತದೆ. ನೀವು ಹೇಳಿದ ಅಂಕಿ ನೋಡಿದರೆ, ವಾರಕ್ಕೊಂದು ದಿನ ರಜೆ ಅಂತ ಹಿಡಿದರೂ ವರ್ಷಕ್ಕೆ 45 ಲಕ್ಷದ ಆಸುಪಾಸು ಆಗುತ್ತದೆ. ಕೊಳ್ಳುವವನಿಗೆ ಇಲ್ಲೊಂದು ದೊಡ್ಡ ಭಯ ಇದೆ. ನಡೆಯುತ್ತಿರುವ ವ್ಯಾಪಾರವನ್ನು ಪೂರ್ತಿ ಕೊಂಡರೆ, ಅಲ್ಲಿಯವರೆಗಿನ ಬಾಕಿ ಜಿಎಸ್‌ಟಿಗೆ ಮಾರಿದವನು, ಕೊಂಡವನು ಇಬ್ಬರೂ ಹೊಣೆ ಅನ್ನುತ್ತದೆ ಕಾಯ್ದೆ. ನಿಮ್ಮ ಹಳೇ ಬಾಕಿ ಅವನ ತಲೆಗೆ ಬರಬಹುದು ಅಂತಾದರೆ ಅವನು ಯಾಕೆ ಮತ್ತೆ ಬರುತ್ತಾನೆ? ಒಬ್ಬ ಒಳ್ಳೆ ಸಿಎ ಹತ್ತಿರ ಕೂತು ಹಿಂದಿನದ್ದು ಏನು ಮಾಡಬೇಕು ಅಂತ ಬಗೆಹರಿಸಿಕೊಳ್ಳಿ. ಮುಂದಕ್ಕೆ ಕಾಂಪೊಸಿಷನ್ ಸ್ಕೀಮ್ ಇದೆ, ಅಂದರೆ ಒಟ್ಟು ವಹಿವಾಟಿನ ಮೇಲೆ ಒಂದೇ ದರದ ತೆರಿಗೆ, ವಹಿವಾಟು ಒಂದೂವರೆ ಕೋಟಿ ಒಳಗಿನ ಹೋಟೆಲಿಗೆ ಶೇ 5. ಗಿರಾಕಿಯಿಂದ ಅದನ್ನು ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ನಿಮ್ಮ ಕೈಯಿಂದಲೇ ಹೋಗುತ್ತದೆ. ಲಾಭ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಕೊಳ್ಳುವವನ ಮುಂದೆ ಇಡಲು ಕಾಗದ ಇರುತ್ತದೆ. ಒಂದು ವರ್ಷದ ರಿಟರ್ನ್ ಮತ್ತು ಬ್ಯಾಂಕ್ ಲೆಕ್ಕ ಒಂದಕ್ಕೊಂದು ತಾಳೆಯಾದರೆ, ಬರುವ ಐದನೆಯವನು ಕೂತು ಮಾತಾಡುತ್ತಾನೆ.

ಇನ್ನೊಂದು ಮಾತು. ನೀವು ಬರೆಯದೇ ಬಿಟ್ಟಿದ್ದೀರಿ, ಆದರೆ ನನಗೆ ಅದೇ ಮುಖ್ಯ ಅನ್ನಿಸಿತು. ರೊಟ್ಟಿ ಬಡಿಯುವವರು ಯಾರು? ಎಣ್ಣೆಗಾಯಿಯ ಮಸಾಲೆ ಯಾರ ಕೈಯಲ್ಲಿದೆ? ನಿಮ್ಮ ಮನೆಯವರ ಕೈಯಲ್ಲಿದ್ದರೆ, ಅವರು ಹೊರಟ ದಿನ ಆ ರುಚಿಯೂ ಹೊರಟಿತು ಅಂತಲೇ ಅರ್ಥ. ಅಕ್ಕಾವ್ರಿಗೆ ಹೇಳಿ, ಒಂದು ವಾರ ಮಸಾಲೆ ಹಾಕುವಾಗೆಲ್ಲ ಮೊದಲು ತಕ್ಕಡಿ ಮೇಲೆ ಹಾಕಲಿ. ಒಂದು ಮುಷ್ಟಿ ಶೇಂಗಾ, ಕಣ್ಣಳತೆಯ ಗುರೆಳ್ಳು, ಎರಡು ಚಿಟಿಕೆ ಅದು ಇದು ಅನ್ನುವುದೆಲ್ಲ ಗ್ರಾಂ ಲೆಕ್ಕಕ್ಕೆ ಬರಲಿ. ಒಂದು ದಿನದ ಮುಷ್ಟಿಗೂ ಇನ್ನೊಂದು ದಿನದ ಮುಷ್ಟಿಗೂ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ನೋಡಿ ಅವರಿಗೇ ಆಶ್ಚರ್ಯ ಆಗುತ್ತದೆ. ಆ ಹಾಳೆ ಲ್ಯಾಮಿನೇಟ್ ಮಾಡಿಸಿ, ಆದರೆ ಗೋಡೆಗೆ ತೂಗುಹಾಕಬೇಡಿ, ಪೆಟ್ಟಿಗೆಯಲ್ಲಿಡಿ. ಪೂರ್ತಿ ಹಣ ಕೈಸೇರಿದ ದಿನ ಕೊಡಿ. ರೊಟ್ಟಿ ಬಡಿಯುವವರು ಕೂಲಿಯವರಾದರೆ ಹೊಸ ಮಾಲೀಕನ ಹತ್ತಿರವೂ ಮುಂದುವರಿಯುವ ಹಾಗೆ ಅವರ ಜೊತೆ ಮಾತಾಡಿ. ಉತ್ತರ ಕರ್ನಾಟಕದ ಖಾನಾವಳಿಗೆ ಬರುವವನು ಬೋರ್ಡ್ ನೋಡಿ ಬರುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಾ!

ಕೊನೆಗೆ ಬಾಡಿಗೆ ಕರಾರು. ಮಾರುವ ಸುದ್ದಿ ಕಟ್ಟಡದ ಮಾಲೀಕರಿಗೆ ನಿಮ್ಮ ಬಾಯಿಂದಲೇ, ಮೊದಲು ತಿಳಿಯಲಿ. ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. 11 ತಿಂಗಳ ಕರಾರಿನ ಮೇಲೆ ಯಾರೂ 15 ಲಕ್ಷ ಸುರಿಯುವುದಿಲ್ಲ. ಕೊಳ್ಳುವವನ ಹೆಸರಿಗೆ ಐದು ವರ್ಷದ ಕರಾರು ಮಾಡಿಕೊಡಲು ಅವರು ತಯಾರಿದ್ದಾರಾ ಕೇಳಿ. ಒಂದು ವರ್ಷ ಮೀರಿದ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಇದೊಂದು ಗಟ್ಟಿಯಾದರೆ ನಿಮ್ಮ ಬೆಲೆ ತಾನಾಗಿಯೇ ಏರುತ್ತದೆ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಎರಡನ್ನೂ ಅವನು ತನ್ನ ಹೆಸರಿಗೆ ಹೊಸದಾಗಿ ಮಾಡಿಸಿಕೊಳ್ಳಬೇಕು. ನಿಮ್ಮದು ಚಾಲ್ತಿಯಲ್ಲಿದ್ದರೆ ಆ ಜಾಗದಲ್ಲಿ ತಕರಾರಿಲ್ಲ ಅಂತ ಅವನಿಗೂ ಧೈರ್ಯ. ಹೆಸ್ಕಾಂ ಬಿಲ್ ಬಾಕಿ ಇದ್ದರೆ ತೀರಿಸಿಬಿಡಿ.

ಪ್ರಶ್ನೆ: ಶಿವಮೊಗ್ಗದಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ಇದೆ. ನಾನೇ ಫಾರ್ಮಸಿಸ್ಟ್. ನಮ್ಮ ಬೀದಿಯವರೇ ಒಬ್ಬರು, ಅಡಿಕೆ ವ್ಯಾಪಾರದವರು, ಕೊಳ್ಳುತ್ತೇನೆ ಅಂತಿದ್ದಾರೆ. ಲೈಸೆನ್ಸ್ ನನ್ನ ಹೆಸರಲ್ಲೇ ಇರಲಿ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ ಅನ್ನುತ್ತಾರೆ. ಮಾಡಬಹುದಾ?

ಉತ್ತರ: ಬೇಡ. ದಯವಿಟ್ಟು ಬೇಡ. ಅಂಗಡಿ ಅವರದ್ದು, ಲೈಸೆನ್ಸ್ ನಿಮ್ಮದು ಅಂತಾದರೆ ಅಲ್ಲಿ ಏನು ಮಾರಿದರೂ, ಯಾವ ಚೀಟಿ ಇಲ್ಲದೆ ಯಾವ ಮಾತ್ರೆ ಕೊಟ್ಟರೂ, ಡ್ರಗ್ ಇನ್‌ಸ್ಪೆಕ್ಟರ್ ಬಂದು ಕೇಳುವುದು ನಿಮ್ಮನ್ನು. 22 ವರ್ಷದ ಮರ್ಯಾದೆಯನ್ನು ಬಾಡಿಗೆಗೆ ಕೊಟ್ಟ ಹಾಗೆ.

ಅಡಿಕೆ ವ್ಯಾಪಾರಿ ಮೆಡಿಕಲ್ ಶಾಪ್ ಕೊಳ್ಳಬಾರದು ಅಂತೇನಿಲ್ಲ. ಅವರು ತಮ್ಮ ಹೆಸರಿಗೆ ಹೊಸದಾಗಿ ಔಷಧಿ ಚಿಲ್ಲರೆ ಮಾರಾಟದ ಲೈಸೆನ್ಸ್ (ಫಾರ್ಮ್ 20 ಮತ್ತು 21) ತೆಗೆದುಕೊಳ್ಳಲಿ, ನೋಂದಾಯಿತ ಫಾರ್ಮಸಿಸ್ಟ್ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಲಿ. ಆ ಫಾರ್ಮಸಿಸ್ಟ್ ನೀವೇ ಆಗಬಹುದಲ್ಲ! ಒಂದು ವರ್ಷ ಸಂಬಳಕ್ಕೆ ಇರುತ್ತೇನೆ ಅಂತ ಒಪ್ಪಿಕೊಂಡರೆ ನಿಮಗೂ ತಿಂಗಳ ಆದಾಯ, ಅವರಿಗೂ ಗಿರಾಕಿ ಕೈತಪ್ಪುವುದಿಲ್ಲ. ಅಂಗಡಿ ಜಾಗ ಕನಿಷ್ಠ 10 ಚದರ ಮೀಟರ್ ಇರಬೇಕು ಅನ್ನುವ ನಿಯಮ ಇದೆ, ಹಳೇ ಅಂಗಡಿಗಳಲ್ಲಿ ಮಧ್ಯೆ ಗೋಡೆ ಎಬ್ಬಿಸಿ ಅರ್ಧ ಬಾಡಿಗೆಗೆ ಕೊಟ್ಟಿರುತ್ತಾರೆ, ಒಂದು ಸಲ ಅಳೆದು ನೋಡಿ. ಅವರ ಲೈಸೆನ್ಸ್ ಕೈಗೆ ಬರುವವರೆಗೆ ಅಂಗಡಿ ನಿಮ್ಮದೇ, ಬಿಲ್ಲೂ ನಿಮ್ಮದೇ. ಕರಾರಿನಲ್ಲೂ ಹಾಗೆಯೇ ಬರೆಸಿ.

ಸ್ಟಾಕ್ ಬಗ್ಗೆ ಒಂದು ಮಾತು. ಈಗಿನಿಂದಲೇ ಎಕ್ಸ್‌ಪೈರಿ ಹತ್ತಿರ ಇರುವುದನ್ನೆಲ್ಲ ಡಿಸ್ಟ್ರಿಬ್ಯೂಟರಿಗೆ ವಾಪಸ್ ಕಳಿಸಲು ಶುರುಮಾಡಿ, ಕ್ರೆಡಿಟ್ ನೋಟ್ ಬರಲು ತಿಂಗಳುಗಟ್ಟಲೆ ಎಳೆಯುತ್ತಾರೆ, ನಿಮಗೆ ಗೊತ್ತಿರುವುದೇ. ಕೊನೇ ದಿನ ಇಬ್ಬರೂ ಕೂತು ಬ್ಯಾಚ್ ನಂಬರ್ ಸಮೇತ ಎಣಿಸಿ. ಮಾರಾಟದ ಬೆಲೆಗಲ್ಲ, ನೀವು ತಂದ ಬೆಲೆಗೆ ಲೆಕ್ಕ. ಓಡದೆ ಬಿದ್ದಿರುವ ಮಾಲಿಗೆ ಅರ್ಧ ಸಿಕ್ಕರೂ ಕೊಟ್ಟುಬಿಡಿ.

ಪ್ರಶ್ನೆ: ನಮಸ್ತೆ. ಮಂಗಳೂರಿನಲ್ಲಿ ನನ್ನದು ಬ್ಯೂಟಿ ಪಾರ್ಲರ್, ಒಂಬತ್ತು ವರ್ಷ ಆಯಿತು. ಯಜಮಾನರಿಗೆ ಮಸ್ಕತ್‌ನಲ್ಲಿ ಕೆಲಸ, ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವ ಅಂತ ಇದ್ದೇವೆ. ಮಾರುವ ಸುದ್ದಿ ಹೊರಗೆ ಬಿದ್ದರೆ ಹುಡುಗಿಯರು ಕೆಲಸ ಬಿಡುತ್ತಾರೆ, ಕಸ್ಟಮರ್ಸ್ ಬೇರೆ ಕಡೆ ಹೋಗುತ್ತಾರೆ. ಯಾರಿಗೂ ಹೇಳದೆ ಗಿರಾಕಿ ಹುಡುಕುವುದು ಹೇಗೆ ಮಾರಾಯ್ರೇ?

ಉತ್ತರ: ತಂಗಿ, ಹೆಸರು ಹಾಕದಿರುವುದು ಇದಕ್ಕೇ. ನಿಮ್ಮ ಭಯ ನೂರಕ್ಕೆ ನೂರು ಸರಿ. "ಮಾರಾಟಕ್ಕಿದೆ" ಅನ್ನುವ ಬೋರ್ಡ್ ಬಾಗಿಲಿಗೆ ಬಿದ್ದ ದಿನವೇ ಅಂಗಡಿಯ ಬೆಲೆ ಇಳಿಯುತ್ತದೆ. ಸಾಲ ಮಾಡಿದ್ದಾಳಂತೆ, ಮನೆಯಲ್ಲಿ ಜಗಳವಂತೆ ಅಂತ ಕಥೆ ಕಟ್ಟಲು ನಮ್ಮವರಿಗೆ ಹೇಳಿಕೊಡಬೇಕಾ?

ಮೊದಲು ಹೊರಗೆ ನೋಡಬೇಡಿ, ಒಳಗೆ ನೋಡಿ. ನಿಮ್ಮ ಹತ್ತಿರ ಆರೇಳು ವರ್ಷದಿಂದ ಇರುವ, ಕಸ್ಟಮರ್ಸ್ "ಅವಳೇ ಮಾಡಲಿ" ಅಂತ ಕೇಳುವ ಹುಡುಗಿ ಒಬ್ಬಳು ಇದ್ದೇ ಇರುತ್ತಾಳೆ. ಅವಳಿಗೆ ಕೆಲಸ ಗೊತ್ತು, ಕಸ್ಟಮರ್ಸ್ ಗೊತ್ತು, ಕರೆಂಟ್ ಬಿಲ್ ಎಷ್ಟು ಬರುತ್ತದೆ ಅಂತಲೂ ಗೊತ್ತು. ದುಡ್ಡು ಮಾತ್ರ ಇರುವುದಿಲ್ಲ. ಅದಕ್ಕೆ ದಾರಿ ಇದೆ. ಒಂದಿಷ್ಟು ಮೊದಲೇ ಕೊಡಲಿ, ಅದಕ್ಕೆ ಮುದ್ರಾ ಸಾಲಕ್ಕೆ ಅರ್ಜಿ ಹಾಕಬಹುದು, 10 ಲಕ್ಷದವರೆಗೆ ಸಾಲ ಇದೆ. ಉಳಿದದ್ದು ಕಂತು. ನಾನು ನೋಡಿದ ಮೂರು ಪಾರ್ಲರ್‌ಗಳಲ್ಲಿ ಎರಡು ಹೀಗೆಯೇ ಕೈ ಬದಲಾದವು. ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ನೀವು ಅವಳಿಗೆ ಮಾರದಿದ್ದರೆ ಅವಳು ಪಕ್ಕದ ರಸ್ತೆಯಲ್ಲಿ ತನ್ನದೇ ಪಾರ್ಲರ್ ತೆರೆಯಬಹುದು, ಕೆಲಸ ಬಿಟ್ಟವಳನ್ನು ತಡೆಯಲು ನಮ್ಮ ಕಾಯ್ದೆಯಲ್ಲಿ ದಾರಿ ಇಲ್ಲ. ಮಾರುವವರನ್ನು ಮಾತ್ರ ತಡೆಯಬಹುದು. ವ್ಯಾಪಾರದ ಗುಡ್‌ವಿಲ್, ಅಂದರೆ ಅಂಗಡಿ ಗಳಿಸಿದ ಹೆಸರು, ಮಾರಿದವರು ಇಂಥ ಊರಲ್ಲಿ, ಇಷ್ಟು ವ್ಯಾಪ್ತಿಯಲ್ಲಿ ಅದೇ ವ್ಯಾಪಾರ ಮಾಡುವುದಿಲ್ಲ ಅಂತ ಬರೆದುಕೊಟ್ಟರೆ, ಅದು ನ್ಯಾಯವಾದ ಮಿತಿಯೊಳಗೆ ಇದ್ದರೆ, 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಒಪ್ಪುತ್ತದೆ. ನೀವು ಮಸ್ಕತ್‌ಗೆ ಹೋಗುವವರು, ಖುಷಿಯಿಂದ ಬರೆದುಕೊಡಿ. ನಿಮಗೆ ಖರ್ಚಿಲ್ಲ, ಕೊಳ್ಳುವವರಿಗೆ ದೊಡ್ಡ ಸಮಾಧಾನ.

ಒಳಗೆ ಯಾರೂ ಇಲ್ಲ ಅಂದರೆ ಮುಂದಿನವರು ಕಾಸ್ಮೆಟಿಕ್ಸ್ ಸಪ್ಲೈ ಮಾಡಲು ಬರುವ ಸೇಲ್ಸ್‌ನವರು. ದಿನಕ್ಕೆ ಹತ್ತು ಪಾರ್ಲರ್ ಸುತ್ತುತ್ತಾರೆ. ಯಾರು ಎರಡನೇ ಬ್ರಾಂಚ್ ಮಾಡಬೇಕು ಅಂತಿದ್ದಾರೆ, ಯಾರಿಗೆ ಜಾಗ ಸಿಗುತ್ತಿಲ್ಲ ಅನ್ನುವುದೆಲ್ಲ ಅವರಿಗೆ ಗೊತ್ತಿರುತ್ತದೆ. "ನನಗೆ ಪರಿಚಯದವರದ್ದೊಂದು ಪಾರ್ಲರ್ ಇದೆಯಂತೆ" ಅಂತ ಸುಮ್ನೆ ಒಂದು ಮಾತು ಬಿಡಿ. ನನ್ನ ಬೇಕರಿ ಕೊನೆಗೆ ಹೋದದ್ದೂ ಮೈದಾ ತಂದುಕೊಡುವವನ ಮೂಲಕ. ಪೇಪರ್ ಜಾಹೀರಾತಿಗೆ ಮೂರು ಸಲ ದುಡ್ಡು ಹಾಕಿದ್ದೆ, ಬಂದವರೆಲ್ಲ ಬ್ರೋಕರ್‌ಗಳೇ.

ಆನ್‌ಲೈನ್‌ನಲ್ಲಿ ಹಾಕುವುದಾದರೆ ಓಎಲ್ಎಕ್ಸ್ ಇದೆ, ವ್ಯಾಪಾರ ಮಾರಾಟಕ್ಕೆಂದೇ ಇರುವ ಸ್ಮರ್ಜರ್ಸ್ ಥರದ ತಾಣಗಳಿವೆ. ಹೆಸರು, ಬೀದಿ, ಒಳಗಿನ ಫೋಟೋ ಹಾಕಬೇಡಿ. ಗೋಡೆ ಬಣ್ಣ ನೋಡಿಯೇ ಕಂಡುಹಿಡಿಯುವವರು ಇದ್ದಾರೆ. "ಮಂಗಳೂರು, ಒಂಬತ್ತು ವರ್ಷದ ಪಾರ್ಲರ್, ಮೂರು ಚೇರ್, ಇಷ್ಟು ಬಾಡಿಗೆ, ಇಷ್ಟು ವಹಿವಾಟು, ಮಾಲೀಕರು ವಿದೇಶಕ್ಕೆ ಹೋಗುತ್ತಿದ್ದಾರೆ" ಸಾಕು. ಆ ಕೊನೇ ಮಾತು ಮರೆಯಬೇಡಿ. ಯಾಕೆ ಮಾರುತ್ತಿದ್ದೀರಿ ಅನ್ನುವುದಕ್ಕೆ ನೇರ ಕಾರಣ ಇದ್ದರೆ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ಫೋನ್ ಮಾಡಿದವರಿಗೆಲ್ಲ ಲೆಕ್ಕ ತೋರಿಸಬೇಡಿ, ಎದುರಿನ ಪಾರ್ಲರ್‌ನವರೇ ಬೇರೆ ನಂಬರಿನಿಂದ ಮಾಡಿರಬಹುದು. ಮೊದಲು ಹೊರಗೆ ಎಲ್ಲಾದರೂ ಒಂದು ಕಾಫಿ. ಆಮೇಲೆ ಗುಟ್ಟು ಕಾಪಾಡುತ್ತೇನೆ ಅಂತ ಒಂದು ಪುಟದ ಕರಾರಿಗೆ ಸಹಿ. ಆಮೇಲೆ ಅಂಕಿ. ಕಸ್ಟಮರ್ಸ್ ಪಟ್ಟಿ ಮತ್ತು ನಂಬರುಗಳು ಕೊನೇ ದಿನಕ್ಕೆ.

ಮದುವೆ ಸೀಸನ್ನಿಗೆ ವಧುವಿನ ಮೇಕಪ್ ಅಂತ ಅಡ್ವಾನ್ಸ್ ತೆಗೆದುಕೊಂಡಿರುತ್ತೀರಿ, ಅಲ್ವಾ? ಆ ಪಟ್ಟಿ ಬೇರೆ ಮಾಡಿ. ದುಡ್ಡು ನೀವು ತಗೊಂಡು ಕೆಲಸ ಹೊಸಬರು ಮಾಡಬೇಕಾದರೆ ಅಷ್ಟನ್ನು ಬೆಲೆಯಲ್ಲಿ ಕಳೆಯಬೇಕು. ಇದನ್ನು ಮುಚ್ಚಿಟ್ಟು ಮಾರಿದವರ ಜಗಳ ಒಂದನ್ನು ನಾನು ಬಿಡಿಸಲು ಹೋಗಿದ್ದೆ, ಮುಹೂರ್ತದ ದಿನ ಬೆಳಿಗ್ಗೆ ಐದು ಗಂಟೆಗೆ ಮದುಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಹೊಸ ಮಾಲೀಕಳಿಗೆ ವಿಷಯವೇ ಗೊತ್ತಿಲ್ಲ.

ಪಾರ್ಲರ್‌ನ ಫೋನ್ ನಂಬರ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಪೇಜ್, ಗೂಗಲ್ ಮ್ಯಾಪ್‌ನಲ್ಲಿರುವ ಹೆಸರು, ಇವೂ ಮಾರಾಟದ ಸರಕೇ. ಗೂಗಲ್‌ನಲ್ಲಿ ಮಾಲೀಕತ್ವ ಇನ್ನೊಬ್ಬರಿಗೆ ಬದಲಾಯಿಸಲು ಬರುತ್ತದೆ, ಒಂಬತ್ತು ವರ್ಷದ ರಿವ್ಯೂಗಳೂ ಜೊತೆಗೇ ಹೋಗುತ್ತವೆ. ನಂಬರ್ ನಿಮ್ಮ ಸ್ವಂತ ಸಿಮ್ ಆಗಿದ್ದರೆ ಈಗಲೇ ಪಾರ್ಲರ್‌ಗೆ ಅಂತ ಬೇರೆ ಸಿಮ್ ಮಾಡಿಸಿ, ಮಸ್ಕತ್‌ನಲ್ಲಿ ಕೂತು ಫೇಶಿಯಲ್‌ಗೆ ಬುಕಿಂಗ್ ತಗೊಳ್ಳುವ ಪಾಡು ಬೇಡ.

ಪ್ರಶ್ನೆ: ತುಮಕೂರಿನಲ್ಲಿ ಆಫ್‌ಸೆಟ್ ಪ್ರೆಸ್ ಇದೆ. ಲಗ್ನಪತ್ರಿಕೆ ಕೆಲಸ ಮೊದಲಿನ ಹಾಗಿಲ್ಲ, ಆದರೆ ಶಾಲೆಗಳ ಪ್ರಶ್ನೆಪತ್ರಿಕೆ, ಬಿಲ್ ಬುಕ್ ಕೆಲಸ ಚೆನ್ನಾಗಿದೆ. ಬರುವವರೆಲ್ಲ ಮೆಷಿನ್ ಮಾತ್ರ ಕೇಳುತ್ತಾರೆ. ಬಿಡಿಬಿಡಿಯಾಗಿ ಮಾರಲಾ, ಒಟ್ಟಿಗೆ ಮಾರಲಾ? ಗಿರಾಕಿಗಳಿಂದ 3 ಲಕ್ಷ ಬಾಕಿ ಬರಬೇಕು, ಮೆಷಿನ್ ಮೇಲೆ ಬ್ಯಾಂಕ್ ಸಾಲವೂ ಸ್ವಲ್ಪ ಇದೆ.

ಉತ್ತರ: ಮೆಷಿನ್ ಕೇಳಿಕೊಂಡು ಬರುವವರು ಹಳೇ ಮೆಷಿನ್ ಡೀಲರ್‌ಗಳು. ಅವರಿಗೆ ನಿಮ್ಮ ಶಾಲೆಗಳು ಬೇಕಾಗಿಲ್ಲ. ಶಿವಕಾಶಿಯಿಂದ ಬರುವ ಪತ್ರಿಕೆಗಳ ಜೊತೆ ಲಗ್ನಪತ್ರಿಕೆಯಲ್ಲಿ ಪೈಪೋಟಿ ಮಾಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಪ್ರಶ್ನೆಪತ್ರಿಕೆ ನಂಬಿಕೆಯ ಕೆಲಸ, ಹೊರಗೆ ಸೋರದ ಪ್ರೆಸ್ಸಿಗೇ ಹೆಡ್‌ಮಾಸ್ತರು ಕೊಡುವುದು. ನಿಮ್ಮ ಪ್ರೆಸ್‌ನಲ್ಲಿ ಬೆಲೆ ಇರುವುದೇ ಅಲ್ಲಿ. ಹಾಗಾಗಿ ನಿಮ್ಮ ಗಿರಾಕಿ ಡೀಲರ್ ಅಲ್ಲ, ತುಮಕೂರಿನ ಇನ್ನೊಂದು ಪ್ರೆಸ್‌ನವನು ಅಥವಾ ಡಿಜಿಟಲ್ ಪ್ರಿಂಟ್ ಅಂಗಡಿ ಇಟ್ಟುಕೊಂಡು ದೊಡ್ಡ ಕೆಲಸ ಹೊರಗೆ ಕಳಿಸುತ್ತಿರುವವನು. ಯಾವ ಶಾಲೆ, ವರ್ಷಕ್ಕೆ ಎಷ್ಟು ಸಲ, ಎಷ್ಟು ರೂಪಾಯಿ ಕೆಲಸ ಅಂತ ಮೂರು ವರ್ಷದ ಪಟ್ಟಿ ಮಾಡಿ. ಮೊದಲು ಶಾಲೆ ಹೆಸರಿನ ಬದಲು "ಶಾಲೆ 1, ಶಾಲೆ 2" ಅಂತಿರಲಿ. ಮಾತು ಗಟ್ಟಿಯಾದ ಮೇಲೆ ಹೊಸಬನನ್ನು ಕರೆದುಕೊಂಡು ಒಂದೊಂದು ಶಾಲೆಗೂ ನೀವೇ ಹೋಗಿ.

ತೆರಿಗೆಯಲ್ಲೂ ಒಟ್ಟಿಗೆ ಮಾರುವುದೇ ಹಗುರ. ನಡೆಯುತ್ತಿರುವ ವ್ಯಾಪಾರವನ್ನು ಇದ್ದ ಹಾಗೆ ಪೂರ್ತಿ ದಾಟಿಸಿದರೆ ಜಿಎಸ್‌ಟಿ ವಿನಾಯಿತಿ ಇದೆ. ಮೆಷಿನ್ ಮಾತ್ರ ಬಿಡಿಯಾಗಿ ಮಾರಿದರೆ ಜಿಎಸ್‌ಟಿ ಬೀಳುತ್ತದೆ. ನಿಮ್ಮ ಖಾತೆಯಲ್ಲಿ ಬಳಸದೆ ಉಳಿದ ಇನ್‌ಪುಟ್ ಕ್ರೆಡಿಟ್ (ಸರಕು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯ ಜಮೆ) ಇದ್ದರೆ ಐಟಿಸಿ-02 ಫಾರ್ಮ್ ಮೂಲಕ ಕೊಂಡವರಿಗೆ ದಾಟಿಸಬಹುದು, ಅದನ್ನೂ ಬೆಲೆಯಲ್ಲಿ ಹಿಡಿಯಿರಿ. ಆದಾಯ ತೆರಿಗೆಯಲ್ಲಿ, ಒಂದೊಂದಕ್ಕೆ ಬೆಲೆ ಕಟ್ಟದೆ ಇಡೀ ವ್ಯಾಪಾರಕ್ಕೆ ಒಂದೇ ಮೊತ್ತ ಅಂತ ಮಾರುವುದಕ್ಕೆ ಸ್ಲಂಪ್ ಸೇಲ್ ಅನ್ನುತ್ತಾರೆ. ವ್ಯಾಪಾರ 36 ತಿಂಗಳಿಗಿಂತ ಹಳೆಯದಾಗಿದ್ದರೆ ಲಾಭದ ಮೇಲೆ ಶೇ 12.5. ಮೆಷಿನ್ ಒಂದನ್ನೇ ಮಾರಿದರೆ, ಸವಕಳಿ ಕಳೆದು ಉಳಿದ ಬೆಲೆಗಿಂತ ಎಷ್ಟು ಜಾಸ್ತಿ ಬಂತೋ ಅದು ನಿಮ್ಮ ಆದಾಯಕ್ಕೆ ಸೇರಿ, ನಿಮ್ಮ ಸ್ಲ್ಯಾಬ್ ದರದಲ್ಲಿ ತೆರಿಗೆ ಬೀಳುತ್ತದೆ. ನಿಮ್ಮ ಅಂಕಿ ಹಾಕಿ ಎರಡೂ ಲೆಕ್ಕ ಮಾಡಿಕೊಡಿ ಅಂತ ಸಿಎ ಹತ್ತಿರ ಕೇಳಿ. ಮಾರಿದ ಮೇಲೆ ಅಲ್ಲ, ಮೊದಲೇ. ಆಮೇಲೆ ಜಿಎಸ್‌ಟಿ ನಂಬರ್ ರದ್ದು ಮಾಡಿಸಿದ ಮೇಲೂ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅಂತ ಕೊನೇ ರಿಟರ್ನ್ ಹಾಕಬೇಕು, ತುಂಬಾ ಜನ ಮರೆತು ದಂಡ ಕಟ್ಟುತ್ತಾರೆ.

ಬಾಕಿ 3 ಲಕ್ಷವನ್ನು ಬೆಲೆಯಲ್ಲಿ ಸೇರಿಸಬೇಡಿ. ನಿಮ್ಮ ಮುಖ ನೋಡಿ ಕೊಡದವರು ಹೊಸಬನ ಮುಖ ನೋಡಿ ಕೊಡುತ್ತಾರಾ? ಮಾರುವ ಸುದ್ದಿ ಹೊರಬೀಳುವ ಮೊದಲೇ ಸುತ್ತಿ ಸುತ್ತಿ ವಸೂಲಿ ಮಾಡಿ. ಚುನಾವಣೆ ಕರಪತ್ರದ ಬಾಕಿ ಇದ್ದರೆ ಮಾತ್ರ ದೇವರೇ ಗತಿ. ಬ್ಯಾಂಕ್ ಸಾಲ ತೀರಿಸಿ, ಬಾಕಿ ಇಲ್ಲ ಅನ್ನುವ ಎನ್‌ಒಸಿ ಪತ್ರ ಪಡೆಯಿರಿ. ಕೈಯಲ್ಲಿ ಹಣ ಇಲ್ಲವೆಂದರೆ ಕೊಳ್ಳುವವನು ಕೊಡುವ ಮೊದಲ ಮೊತ್ತ ನೇರ ಬ್ಯಾಂಕಿಗೇ ಹೋಗುವ ಹಾಗೆ ಮೂವರೂ ಕೂತು ಮಾತಾಡಿ.

ಮತ್ತೊಂದು, ಮೆಷಿನ್ ತೋರಿಸುವ ದಿನ ಅದು ಓಡುತ್ತಿರಲಿ. ನಿಂತ ಮೆಷಿನ್ ನೋಡಿದವನಿಗೆ ಗುಜರಿ ರೇಟೇ ನೆನಪಾಗುವುದು.

ಪ್ರಶ್ನೆ: ನನ್ನ ಜ್ಯೂಸ್ ಅಂಗಡಿ 8 ಲಕ್ಷಕ್ಕೆ ಮಾತಾಗಿದೆ. 3 ಲಕ್ಷ ನಗದು, ಉಳಿದದ್ದಕ್ಕೆ ಹತ್ತು ಚೆಕ್ ಮುಂದಿನ ತಾರೀಖು ಹಾಕಿ ಕೊಡುತ್ತಾರಂತೆ. ಒಪ್ಪಿಕೊಳ್ಳಲಾ? (ಮಂಡ್ಯ)

ಉತ್ತರ: ನಗದು ಬೇಡ. ಒಂದು ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ, 2017ರಿಂದ ಇದೇ ನಿಯಮ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಕೊಟ್ಟವನಿಗಲ್ಲ, ತಗೊಂಡ ನಿಮಗೆ. ಬ್ಯಾಂಕ್ ಮೂಲಕವೇ ಹಾಕಲಿ.

ಕಂತಿಗೆ ಕೊಡುವುದರಲ್ಲಿ ತಪ್ಪಿಲ್ಲ, ಆದರೆ ಐದು ಲಕ್ಷ ಕಂತು ಅಂದರೆ ಜಾಸ್ತಿಯಾಯಿತು. ಅರ್ಧಕ್ಕಿಂತ ಹೆಚ್ಚು ಮೊದಲೇ ಬರಲಿ, ಉಳಿದದ್ದು ಆರು ತಿಂಗಳೊಳಗೆ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ, ಅದೂ ಮುಗಿದ ಮೇಲೆ ಒಂದು ತಿಂಗಳೊಳಗೆ ಕೇಸ್ ಹಾಕಬೇಕು. ಒಂದು ದಿನ ತಡವಾದರೂ ತೊಂದರೆ. ಅದಕ್ಕಿಂತ ಒಳ್ಳೆಯದು, ಬಾಡಿಗೆ ಕರಾರನ್ನು ಅವರ ಹೆಸರಿಗೆ ಮಾಡುವುದನ್ನು ಕೊನೇ ಕಂತಿನವರೆಗೆ ತಡೆದಿಡಿ, ಕಟ್ಟಡದ ಮಾಲೀಕರಿಗೂ ಹೇಳಿಟ್ಟಿರಿ. ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದರ ಮುಂದೆ ಹತ್ತು ಚೆಕ್ ಏನೂ ಅಲ್ಲ.

ಪ್ರಶ್ನೆ: ಮಾರಿದ ಮೇಲೆ ಎಷ್ಟು ದಿನ ಜೊತೆಗಿದ್ದು ಹೇಳಿಕೊಡಬೇಕು? ನಮ್ಮದು ಹಾಸನದಲ್ಲಿ ಬೇಕರಿ.

ಉತ್ತರ: ಕರಾರಿನಲ್ಲಿ ದಿನ ಎಣಿಸಿ ಬರೆಯಿರಿ, ಇಲ್ಲದಿದ್ದರೆ ವರ್ಷವಾದರೂ ಓವನ್ ಕೆಟ್ಟಾಗೆಲ್ಲ ನಿಮಗೇ ಫೋನ್ ಬರುತ್ತದೆ. ಬೇಕರಿಗೆ ಒಂದು ತಿಂಗಳು ಸಾಕು. ಮೊದಲ ವಾರ ಗಲ್ಲಾದಲ್ಲಿ ನೀವು ಕೂರಿ, ಅವರು ಪಕ್ಕದಲ್ಲಿ ನಿಂತು ನೋಡಲಿ. ಎರಡನೇ ವಾರ ಜಾಗ ಬದಲಿಸಿ. ಮೈದಾ, ಡಾಲ್ಡಾ, ಯೀಸ್ಟ್ ಕೊಡುವವರ ಜೊತೆ ಮುಖಾಮುಖಿ ಪರಿಚಯ ಮಾಡಿಸಿ, ನಿಮಗೆ ಎಷ್ಟು ದಿನ ಸಾಲ ಕೊಡುತ್ತಿದ್ದರೋ ಅಷ್ಟೇ ಅವರಿಗೂ ಕೊಡಿಸಲು ನೋಡಿ. ಒಳಗಿನ ಮಾಸ್ಟರ್‌ಗೆ ಮಾರಾಟದ ವಿಷಯ ಬೇರೆಯವರಿಂದ ಗೊತ್ತಾಗಬಾರದು, ನೀವೇ ಕೂರಿಸಿಕೊಂಡು ಹೇಳಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸಕ್ಕಿದ್ದರೆ, ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಇದೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಅದನ್ನು ಯಾರು ಕೊಡುವುದು ಅಂತ ಕರಾರಿನಲ್ಲೇ ಬರಲಿ.

ನಾನು 30 ದಿನ ಅಂತ ಒಪ್ಪಿಕೊಂಡಿದ್ದೆ. ದಿನಾ ಆರಕ್ಕೇ ಹೋಗಿ ನಿಲ್ಲುತ್ತಿದ್ದೆ, ಅವನು ದಿಲ್‌ಪಸಂದ್ ಕತ್ತರಿಸುವುದು ನೋಡಿ ಚಾಕು ಕಿತ್ತುಕೊಳ್ಳುತ್ತಿದ್ದೆ, ಗಿರಾಕಿಗಳು ಬಂದರೆ ಅವನಿಗಿಂತ ಮೊದಲು ನಾನೇ ಮಾತಾಡಿಸುತ್ತಿದ್ದೆ. 18ನೇ ದಿನ ಆ ಹುಡುಗ ಕೈಯಲ್ಲಿ ಟೀ ಕೊಟ್ಟು, "ಅಣ್ಣ, ನಾಳೆಯಿಂದ ಬರೋದು ಬೇಡ, ನಾನು ನೋಡ್ಕೋತೀನಿ" ಎಂದ. ಎರಡು ದಿನ ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ ನಾನು. ಕೊನೇ ಕಂತು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಬಂತು.